ಮಂಗಳೂರಿಗೆ ಸೈಕಲ್ಲು, ಮನೆಯಲ್ಲಿ ಇಬ್ಬರು ಮಕ್ಕಳು: ಹದಿನಾಲ್ಕು ವಾರ ಸಾಕಾ?

ಓದುಗರ ಪ್ರಶ್ನೆ:

"ನನಗೆ 39 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಮಗನಿಗೆ 10, ಮಗಳಿಗೆ 5. ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ, ಅವರಿಗೆ ಮಂಡಿನೋವು. ಯಜಮಾನರದ್ದು ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಡಿಸೆಂಬರ್ ಎರಡನೇ ವಾರ ನಮ್ಮ ಗುಂಪಿನ 16 ಜನ ಮೈಸೂರಿನಿಂದ ಮಂಗಳೂರಿಗೆ ಸೈಕಲ್ಲಿನಲ್ಲಿ ಹೊರಟಿದ್ದೇವೆ. ಎರಡು ದಿನ, ರಾತ್ರಿ ಮಡಿಕೇರಿಯಲ್ಲಿ ತಂಗುವುದು. ಬಡ ರೋಗಿಗಳ ಡಯಾಲಿಸಿಸ್‌ಗೆ ಹಣ ಸೇರಿಸುವ ಉದ್ದೇಶ. ನನ್ನ ಹೆಸರಿನಲ್ಲೇ 68,000 ರೂಪಾಯಿ ಬಂದಿದೆ.

ಮೊದಲು ಊರಿನ ಬಾಡಿಗೆ ಸೈಕಲ್ ಯೋಜನೆಯ ಟ್ರಿಣ್ ಟ್ರಿಣ್ ಸೈಕಲ್ ತೆಗೆದುಕೊಂಡು ಓಡಾಡುತ್ತಿದ್ದೆ. ಎರಡು ವರ್ಷದ ಹಿಂದೆ ಸ್ವಂತದ್ದು ಕೊಂಡೆ, ನೇರ ಹ್ಯಾಂಡಲ್ಲಿನ ಗೇರ್ ಸೈಕಲ್. ಇಲ್ಲಿಯವರೆಗೆ ಅತಿ ಜಾಸ್ತಿ ತುಳಿದಿರುವುದು ನಂಜನಗೂಡಿಗೆ ಹೋಗಿ ಬಂದದ್ದು. ಇನ್ನು 14 ವಾರ ಇದೆ. ದಿನಾ ಎರಡು ಗಂಟೆ, ಭಾನುವಾರ ಪೂರ್ತಿ ದಿನ ತುಳಿಯಲೇಬೇಕು ಎನ್ನುತ್ತಾರೆ ಗುಂಪಿನವರು. ಕಳೆದ ಮೂರು ಭಾನುವಾರ ಹೋದೆ. ವಾಪಸ್ ಬಂದ ಮೇಲೆ ಸುಮ್ಮಸುಮ್ಮನೆ ಮಕ್ಕಳ ಮೇಲೆ ರೇಗುತ್ತೇನೆ. ಯಜಮಾನರು ಬೇಡ ಅನ್ನಲ್ಲ, ಆದರೆ ಆ ದಿನ ಮಾತೂ ಆಡಲ್ಲ. 'ಈ ವಯಸ್ಸಲ್ಲಿ ಸೈಕಲ್ ತುಳಿದರೆ ಗರ್ಭಕೋಶ ಜಾರುತ್ತೆ' ಅಂತ ಅಮ್ಮನ ಹೆದರಿಕೆ. ಒಂದು ಗಂಟೆ ತುಳಿದರೆ ಎರಡೂ ಕೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಬಿಟ್ಟುಬಿಡೋಣ ಅಂದರೆ ದುಡ್ಡು ಕೊಟ್ಟವರಿಗೆ ಏನು ಹೇಳುವುದು? ಮುಂದುವರಿಯಲಾ, ಬಿಡಲಾ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕ್ರೀಡಾ ಫಿಸಿಯೋಥೆರಪಿಸ್ಟ್ ಆಗಿ ನನ್ನ ಕಣ್ಣು ಮೊದಲು ಹೋಗಿದ್ದು ಬೆರಳಿನ ಜೋಮಿನ ಕಡೆಗೆ. ಎರಡನೇ ಸಲ ಓದಿದಾಗ ಅನ್ನಿಸಿದ್ದು, ನಿಮ್ಮ ತೊಂದರೆಯಲ್ಲಿ ಕಾಲಿನ ಪಾಲು ಕಮ್ಮಿ, ಗಡಿಯಾರದ ಪಾಲು ಜಾಸ್ತಿ. ಎಷ್ಟು ತುಳಿಯಬೇಕು ಅನ್ನುವುದು ಸುಲಭದ ಲೆಕ್ಕ. ಎಷ್ಟು ಹೊತ್ತಿಗೆ ಮನೆ ಸೇರುತ್ತೀರಿ ಅನ್ನುವುದು ಮನೆಯವರಿಗೆ ಗೊತ್ತಿಲ್ಲದಿರುವುದೇ ನಿಮ್ಮ ಭಾನುವಾರಗಳನ್ನು ಹಾಳು ಮಾಡುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಮ್ಮನ ಹೆದರಿಕೆ. ನನ್ನ ಹತ್ತಿರ ಬರುವ ಹೆಂಗಸರಲ್ಲಿ ಬಹಳ ಮಂದಿ ಇದನ್ನು ಕೇಳಿಕೊಂಡೇ ಬಂದಿರುತ್ತಾರೆ. ಸೈಕಲ್ಲಿನ ಮೇಲೆ ಕೂತಾಗ ಮೈಭಾರ ಬೀಳುವುದು ಕುಂಡೆಯ ಕೆಳಗಿನ ಎರಡು ಮೂಳೆಗಳ ಮೇಲೆ. ಗರ್ಭಕೋಶ ಇರುವುದು ಅದಕ್ಕಿಂತ ಎಷ್ಟೋ ಒಳಗೆ. ಅದು ಜಾರುವುದಕ್ಕೆ ಕಾರಣಗಳೇ ಬೇರೆ: ಹೆರಿಗೆಯಲ್ಲಿ ಸಡಿಲವಾದ ಕೆಳಹೊಟ್ಟೆಯ ಸ್ನಾಯುಗಳು, ವಯಸ್ಸು, ವರ್ಷಗಟ್ಟಲೆ ಭಾರ ಎತ್ತುವುದು, ಬಿಡದ ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು. ಓಟ, ಜಿಗಿತದ ಹಾಗೆ ಸೈಕಲ್ಲಿನಲ್ಲಿ ಕೆಳಹೊಟ್ಟೆಗೆ ಕುಲುಕಾಟವೂ ಇಲ್ಲ. ಆದರೆ ಕೆಮ್ಮಿದಾಗ ಮೂತ್ರ ಸೋರುವುದು, ಕೆಳಗೆ ಏನೋ ಭಾರ ಎಳೆದಂತಾಗುವುದು ಈಗಾಗಲೇ ಇದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಸೈಕಲ್ ಇದ್ದರೂ ಇಲ್ಲದಿದ್ದರೂ ತೋರಿಸಬೇಕಾದ ಲಕ್ಷಣಗಳು ಅವು.

ಅಮ್ಮನ ಮಾತಿನಲ್ಲಿ ಒಂದು ಎಳೆ ಮಾತ್ರ ನಿಜಕ್ಕೆ ಹತ್ತಿರ ಇದೆ. ಜಾಸ್ತಿ ತುಳಿದು ಕಮ್ಮಿ ಉಂಡರೆ ಮುಟ್ಟಿನ ಲೆಕ್ಕ ತಪ್ಪುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಹಾಗೇ ಬಹಳ ದಿನ ನಡೆದರೆ ಮೂಳೆಯೂ ಸವೆಯುತ್ತದೆ. ಅಲ್ಲಿ ತಪ್ಪು ಹೊಟ್ಟೆಗೆ ಹಾಕದೇ ಇರುವುದರದ್ದು. 'ಸೈಕಲ್ ತುಳಿಯುತ್ತಿದ್ದೇನಲ್ಲ, ಹಾಗೇ ಸಣ್ಣವೂ ಆಗೋಣ' ಅಂತ ರಾತ್ರಿ ಊಟ ಬಿಟ್ಟಿದ್ದರೆ ಇವತ್ತಿನಿಂದಲೇ ಶುರು ಮಾಡಿ. ನವರಾತ್ರಿಯ ಉಪವಾಸ ಮತ್ತು ನಾಲ್ಕು ಗಂಟೆಯ ಸವಾರಿ ಒಂದೇ ದಿನ ಬೇಡ.

ಇದರ ಜೊತೆಗೇ ಇನ್ನೊಂದು ಕೆಲಸ. ಈ ವಾರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂದರೆ ಇಬ್ಬರಲ್ಲಿ ಒಬ್ಬರಿಗಿಂತ ಜಾಸ್ತಿ. ರಕ್ತ ಕಮ್ಮಿ ಇದ್ದವರು ಎಷ್ಟು ತುಳಿದರೂ ಏರಿನಲ್ಲಿ ಏದುಸಿರು ಬಿಡುತ್ತಾರೆ, ಆಮೇಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಮೂರು ತಿಂಗಳು ಕೈಯಲ್ಲಿದೆ, ಕಬ್ಬಿಣಾಂಶ ಕಮ್ಮಿ ಇದ್ದರೆ ಸರಿ ಮಾಡಿಕೊಳ್ಳಲು ಸಮಯವಿದೆ. ನವೆಂಬರಿನಲ್ಲಿ ಗೊತ್ತಾದರೆ ಕಷ್ಟ.

ಈಗ ಗುಂಪಿನವರ ಲೆಕ್ಕ. ದಿನಾ ಎರಡು ಗಂಟೆ, ಭಾನುವಾರ ಪೂರ್ತಿ ಅಂದರೆ ವಾರಕ್ಕೆ ಇಪ್ಪತ್ತು ಗಂಟೆ ಹತ್ತಿರ. ಅದು ಪಂದ್ಯಕ್ಕೆ ಇಳಿಯುವವರ ಲೆಕ್ಕ. ನಿಮ್ಮದು ಪಂದ್ಯವಲ್ಲವಲ್ಲ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಅಲ್ಲಿಂದ ಮಂಗಳೂರಿಗೆ 140ರ ಹತ್ತಿರ. ಗಂಟೆಗೆ 18 ಕಿಲೋಮೀಟರ್ ಅಂದುಕೊಂಡರೆ ಮೊದಲ ದಿನ ಆರೂಮುಕ್ಕಾಲು ಗಂಟೆ ತುಳಿತ. ಬೆಳಿಗ್ಗೆ ಆರಕ್ಕೆ ಹೊರಟು, ತಿಂಡಿ ಊಟಕ್ಕೆ ನಿಂತು, ಮಧ್ಯಾಹ್ನ ಮೂರು ಮೂರೂವರೆಗೆ ಮಡಿಕೇರಿ. ಹೋಲಿಸಿ ನೋಡುವುದಾದರೆ, ಬ್ರೆವೆ ಅಂತ ದೂರದ ಸವಾರಿಯವರದ್ದೊಂದು ಇದೆ, ಪಂದ್ಯವಲ್ಲ, ಗೊತ್ತುಮಾಡಿದ ಸಮಯದೊಳಗೆ ಮುಗಿಸಿದರಾಯಿತು; ಅದರಲ್ಲಿ 200 ಕಿಲೋಮೀಟರ್ ಮುಗಿಸಲು ಹದಿಮೂರೂವರೆ ಗಂಟೆ ಕೊಡುತ್ತಾರೆ. ನಿಂತ ಹೊತ್ತೂ ಸೇರಿ ಗಂಟೆಗೆ 15 ಕಿಲೋಮೀಟರ್ ಬಿದ್ದರೆ ಸಾಕು. ಆ ಸಮಯದೊಳಗೆ ಮುಗಿಸಿದವರಲ್ಲಿ ಮೇಷ್ಟರು, ಅಂಗಡಿಯವರು, ಅರವತ್ತು ದಾಟಿದವರು ಎಲ್ಲರನ್ನೂ ನೋಡಿದ್ದೇನೆ.

ಆರೇಳು ಗಂಟೆಯ ಸವಾರಿಗೆ ತಯಾರಾಗಲು ಮೊದಲೇ ಅಷ್ಟು ತುಳಿದು ನೋಡಲೇಬೇಕು ಅಂತಿಲ್ಲ. ಅಭ್ಯಾಸದಲ್ಲಿ ಒಮ್ಮೆ ಐದು ಗಂಟೆ ಮುಟ್ಟಿದರೆ ಸಾಕು. ಈಗ ನೀವು ಎರಡೂವರೆ ಗಂಟೆ ತುಳಿಯಬಲ್ಲಿರಿ. ವಾರಕ್ಕೆ ಹದಿನೈದು ಇಪ್ಪತ್ತು ನಿಮಿಷ ಸೇರಿಸುತ್ತಾ ಹೋಗಿ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಕೊನೆಯ ಎರಡು ವಾರ ಹಗುರ. ಉಳಿದ ವಾರಗಳನ್ನು ಕೂಡಿಸಿದರೆ ಐದು ಗಂಟೆಗೆ ಸರಿಯಾಗಿ ಬಂದು ನಿಲ್ಲುತ್ತೀರಿ. ಇದರ ಮೇಲೆ ವಾರದ ನಡುವೆ ಎರಡು ಸಲ 50 ನಿಮಿಷ. ಒಟ್ಟು ಮೊದಮೊದಲು ವಾರಕ್ಕೆ ನಾಲ್ಕು ಗಂಟೆ ಚಿಲ್ಲರೆ, ಕೊನೆಯಲ್ಲಿ ಏಳು ಗಂಟೆ ದಾಟುವುದಿಲ್ಲ, ಆಮೇಲೆ ಹೇಳುವ ಪರೀಕ್ಷೆಯ ವಾರ ಒಂದನ್ನು ಬಿಟ್ಟು.

ನಾಲ್ಕನೇ ವಾರ ಯಾಕೆ ಇಳಿಸಬೇಕು? ಉಸಿರು ಬೇಗ ಸುಧಾರಿಸುತ್ತದೆ. ಮೂರು ನಾಲ್ಕು ವಾರಕ್ಕೇ 'ಅರೆ, ಏರು ಸುಲಭ ಆಯ್ತಲ್ಲ' ಅನ್ನಿಸುತ್ತದೆ. ಮಂಡಿಯ ಸುತ್ತ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳು ಮಾತ್ರ ನಿಧಾನದ ಗಿರಾಕಿಗಳು, ಅವಕ್ಕೆ ತಿಂಗಳುಗಳೇ ಬೇಕು. ಉಸಿರಿನ ಮಾತು ಕೇಳಿ ದೂರ ಏರಿಸಿದವರು ಏಳನೇ ವಾರದ ಹೊತ್ತಿಗೆ ಮಂಡಿ ಹಿಡಿದುಕೊಂಡು ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಉತ್ಸಾಹ ಜಾಸ್ತಿ ಇದ್ದವರೇ ಬರುವುದು.

ವಾರದ ನಡುವಿನ ಎರಡು ಸವಾರಿಗೆ ಬೇರೆ ಹೊತ್ತು ಹುಡುಕಬೇಡಿ. ಬ್ಯಾಂಕಿಗೆ ಸೈಕಲ್ಲಿನಲ್ಲೇ ಹೋಗಿ, ಬರುವಾಗ ರಿಂಗ್ ರಸ್ತೆ ಕಡೆ ಸ್ವಲ್ಪ ಸುತ್ತು ಹಾಕಿ. ಅದು ಆಗದ ದಿನ ಬೆಳಿಗ್ಗೆ ಐದೂವರೆಗೆ ಹೋಗಿ ಆರೂವರೆಯೊಳಗೆ ಮನೆ. ಎರಡರಲ್ಲಿ ಒಂದು ದಿನ ಆರಾಮಾಗಿ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಹದದಲ್ಲಿ ತುಳಿಯಿರಿ. ಇನ್ನೊಂದು ದಿನ ಚಾಮುಂಡಿ ಬೆಟ್ಟ. ಊರಿನ ಮಟ್ಟದಿಂದ ಬೆಟ್ಟದ ತುದಿಗೆ 300 ಮೀಟರ್ ಆಸುಪಾಸು ಏರು. ಕುಶಾಲನಗರದಿಂದ ಮಡಿಕೇರಿಗೂ ಎತ್ತರದ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ. ದಾರಿ ಉದ್ದ, ನಡುವೆ ಇಳಿದು ಹತ್ತುವುದು ಇದೆ, ಹಾಗಾಗಿ ಸುಸ್ತು ಬೇರೆ ಥರದ್ದು. ಆದರೂ ಅಭ್ಯಾಸಕ್ಕೆ ಇಷ್ಟು ಹೊಂದುವ ಬೆಟ್ಟ ಮನೆ ಬಾಗಿಲಲ್ಲೇ ಇರುವುದು ಮೈಸೂರಿನವರ ಭಾಗ್ಯ. ಅರ್ಧ ಬೆಟ್ಟ ಹತ್ತಿ ಇಳಿದರೂ ಲೆಕ್ಕಕ್ಕೆ ಬರುತ್ತದೆ.

ಈಗ ಮನೆಯ ವಿಷಯ. ನಾನೂ ಒಮ್ಮೆ ಇದೇ ತಪ್ಪು ಮಾಡಿದವನು. ಮೊದಲ ಬ್ರೆವೆಗೆ ತಯಾರಾಗುತ್ತಿದ್ದ ಕಾಲ. ಹತ್ತು ಗಂಟೆಗೆ ಬರುತ್ತೇನೆ ಅಂತ ಹೆಂಡತಿಗೆ ಹೇಳಿ ಹೋದೆ. 100 ಕಿಲೋಮೀಟರ್ ಮುಗಿಸುವ ಹಟ. ಬನ್ನೂರು ದಾಟಿದ ಮೇಲೆ ಎದುರುಗಾಳಿ, ಒಂದು ಪಂಕ್ಚರ್. ಮನೆ ಸೇರಿದಾಗ ಒಂದೂಮುಕ್ಕಾಲು. ಅವತ್ತು ಅವಳ ಅಣ್ಣನ ಮನೆಯವರು ಊಟಕ್ಕೆ ಬಂದಿದ್ದರು. ಎಲೆ ಹಾಕಿ ಕಾದು, ಕೊನೆಗೆ ಉಂಡು ಎದ್ದಿದ್ದರು. ಅವಳು ಒಂದು ಮಾತೂ ಆಡಲಿಲ್ಲ. ನಿಮ್ಮ ಯಜಮಾನರ ಮೌನ ನನಗೆ ಚೆನ್ನಾಗಿ ಗೊತ್ತಿರುವ ಮೌನ.

ಆಮೇಲೆ ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ನೀವು ಎರಡು ಗಂಟೆಗೆ ಬರ್ತೀನಿ ಅಂದಿದ್ರೆ ನನಗೇನೂ ಇರ್ತಿರಲಿಲ್ಲ." ಐದು ಗಂಟೆ ಹೊರಗಿರುವುದನ್ನು ಮನೆ ತಡೆದುಕೊಳ್ಳುತ್ತದೆ. ಯಾವಾಗ ಬರುತ್ತಾರೋ ಗೊತ್ತಿಲ್ಲ ಅನ್ನುವ ಒಂದು ಗಂಟೆಯನ್ನು ತಡೆದುಕೊಳ್ಳುವುದಿಲ್ಲ. ಪಾಳಿ ಮುಗಿಸಿ ಬಂದ ಗಂಡಸು ಮಕ್ಕಳಿಗೆ ತಿಂಡಿ ಕೊಟ್ಟು, ಅಮ್ಮನಿಗೆ ಮಾತ್ರೆ ಕೊಟ್ಟು, ಇನ್ನು ಮಲಗಬಹುದಾ ಬೇಡವಾ ಅಂತ ಬಾಗಿಲು ನೋಡುತ್ತಾ ಕೂತಿರುತ್ತಾನೆ, ಅಲ್ವಾ?

ಅದಕ್ಕೇ ಇನ್ನು ಮುಂದೆ ಕಿಲೋಮೀಟರ್ ಲೆಕ್ಕ ಬಿಡಿ. ಸಮಯದ ಲೆಕ್ಕ ಹಿಡಿಯಿರಿ. ಮೂರು ಗಂಟೆಯ ಸವಾರಿಯಾದರೆ ಒಂದು ಗಂಟೆ ಇಪ್ಪತ್ತು ನಿಮಿಷ ಆದ ಕೂಡಲೇ ಎಲ್ಲಿದ್ದರೂ ಸೈಕಲ್ ತಿರುಗಿಸಿ. ಶ್ರೀರಂಗಪಟ್ಟಣದ ಕೋಟೆ ಎದುರಿಗೇ ಕಾಣುತ್ತಿದ್ದರೂ ತಿರುಗಿಸಿ. ಉಳಿದ ಇಪ್ಪತ್ತು ನಿಮಿಷ ಪಂಕ್ಚರಿಗೆ, ಎದುರುಗಾಳಿಗೆ. ಪಂಕ್ಚರ್ ಆಗದಿದ್ದರೆ ಹೇಳಿದ್ದಕ್ಕಿಂತ ಬೇಗ ಬಂದಿರುತ್ತೀರಿ. ಮೂರು ನಾಲ್ಕು ವಾರ ಹೀಗೆ ಹೇಳಿದ ಹೊತ್ತಿಗೆ ಬಂದರೆ ಮನೆಯ ಗಾಳಿಯೇ ಬದಲಾಗುವುದನ್ನು ನೋಡಿದ್ದೇನೆ. ಫೋನಿನಲ್ಲಿ ನೀವಿರುವ ಜಾಗ ಯಜಮಾನರಿಗೆ ಕಾಣುವ ಹಾಗೆ ಹಾಕಿಡಿ. ಕತ್ತಲಲ್ಲಿ ಒಬ್ಬರೇ ಹೊರಡುವಾಗ ಅದು ಹೇಗೂ ಬೇಕು.

ಅವರ ಪಾಳಿಯ ಪಟ್ಟಿ ಮುಂದಿಟ್ಟುಕೊಂಡು ಹದಿನಾಲ್ಕು ವಾರವನ್ನೂ ಒಂದೇ ಸಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ರಾತ್ರಿ ಪಾಳಿ ಮುಗಿಸಿ ಬರುವ ಭಾನುವಾರ ನಿಮ್ಮ ದೊಡ್ಡ ಸವಾರಿ ಬೇಡ, ಅದೇ ವಾರವನ್ನು ಹಗುರದ ವಾರ ಮಾಡಿಕೊಳ್ಳಿ. ದಸರಾ ರಜೆಗೆ ಮೊದಲು ಮಗನ ಪರೀಕ್ಷೆ ಬರುತ್ತದೆ. ದಸರಾದಲ್ಲಿ ಮೈಸೂರಿನ ಮನೆಗೆ ನೆಂಟರು ಬರದೇ ಇರುತ್ತಾರಾ? ಆ ಹತ್ತು ದಿನ ದೊಡ್ಡ ಸವಾರಿಯ ಆಸೆ ಬಿಡಿ. ಒಂದು ವಾರ ತಪ್ಪಿದರೆ ಕಾಲಿನ ಶಕ್ತಿ ಸೋರಿ ಹೋಗುವುದಿಲ್ಲ. ತಪ್ಪಿದ್ದನ್ನು ಮುಂದಿನ ವಾರಕ್ಕೆ ಸೇರಿಸಿ ಎರಡರಷ್ಟು ತುಳಿಯಲು ಹೋದಾಗಲೇ ಪೆಟ್ಟಾಗುವುದು.

ಇನ್ನೊಂದು ಉಪಾಯ ನಮ್ಮ ಮನೆಯಲ್ಲಿ ನಡೆದದ್ದು. ತಿಂಗಳಿಗೊಮ್ಮೆ ಒಂದು ಕಡೆಯ ಸವಾರಿ. ನೀವು ಬೆಳಿಗ್ಗೆ ಐದೂವರೆಗೆ ಹೊರಟು ಸುತ್ತಿ ಬಳಸಿ ಬಲಮುರಿಗೋ ನಿಮಿಷಾಂಬ ದೇವಸ್ಥಾನಕ್ಕೋ ಹೋಗಿ. ಮನೆಯವರು ಒಂಬತ್ತಕ್ಕೆ ಕಾರಿನಲ್ಲಿ ಡಬ್ಬಿ ತುಂಬಿಕೊಂಡು ಅಲ್ಲಿಗೆ ಬರಲಿ. ಅತ್ತೆಗೆ ದೇವರ ದರ್ಶನ, ಮಕ್ಕಳಿಗೆ ಹೊಳೆಯ ದಂಡೆಯ ಆಟ. ನೀರಿಗೆ ಇಳಿಯುವ ಮಕ್ಕಳ ಮೇಲೆ ಕಣ್ಣಿರಲಿ, ಕಾವೇರಿ ಮೇಲೆ ಶಾಂತವಾಗಿ ಕಂಡರೂ ಸುಳಿ ಇರುತ್ತದೆ. ಬರುವಾಗ ಸೈಕಲ್ ಕಾರಿನ ಹಿಂದೆ. ನಿಮ್ಮ ಮೂರು ಗಂಟೆ ತುಳಿತವೂ ಆಯಿತು, ಅವರಿಗೆ ಭಾನುವಾರವೂ ಸಿಕ್ಕಿತು.

ಮತ್ತೆ, ಯಜಮಾನರಿಗೂ ವಾರದಲ್ಲಿ ಒಂದು ಸಂಜೆ ಪೂರ್ತಿ ಬಿಟ್ಟುಕೊಡಿ. ಅವರು ಗೆಳೆಯರ ಜೊತೆ ಶಟಲ್ ಆಡಲಿ, ಸುಮ್ನೆ ಮಲಗಲಿ, ನೀವು ಏನು ಅಂತ ಕೇಳಬೇಡಿ.

ರೇಗುವುದರ ಬಗ್ಗೆ ಬರೆದಿದ್ದೀರಿ. ಕಾರಣವಿಲ್ಲದೆ ಅಂದಿದ್ದೀರಿ, ಕಾರಣ ಇದೆ. ಮೂರು ಗಂಟೆ ಬರೀ ನೀರು ಕುಡಿದು ತುಳಿದರೆ ಯಕೃತ್ತಿನಲ್ಲೂ ಸ್ನಾಯುವಿನಲ್ಲೂ ಕೂಡಿಟ್ಟ ಸಕ್ಕರೆ ತಳ ಕಾಣುತ್ತದೆ. ಮೆದುಳು ಸಕ್ಕರೆಯನ್ನೇ ನಂಬಿರುವ ಅಂಗ. ಆ ಹೊತ್ತಿಗೆ ಮನೆ ಬಾಗಿಲಲ್ಲಿ ಬೂಟು ಚೆಲ್ಲಾಡಿದ್ದರೂ ಸಿಟ್ಟು ನೆತ್ತಿಗೇರುತ್ತದೆ. ಜೊತೆಗೆ ನಿದ್ದೆ. ರಾತ್ರಿ ಹನ್ನೊಂದಕ್ಕೆ ಪಾತ್ರೆ ಮುಗಿಸಿ, ನಾಲ್ಕೂವರೆಗೆ ಅಲಾರಂ ಇಟ್ಟರೆ ಉಳಿಯುವುದು ಐದೂವರೆ ಗಂಟೆ. ಸ್ನಾಯು ರಿಪೇರಿ ಆಗುವುದೇ ನಿದ್ದೆಯಲ್ಲಿ. ನಿದ್ದೆ ಕದ್ದು ತುಳಿದರೆ ಶ್ರಮಕ್ಕೆ ತಕ್ಕ ಫಲ ಸಿಗಲ್ಲ, ನೆಗಡಿ ಜ್ವರವೂ ಬೇಗ ಅಂಟುತ್ತದೆ. ನನ್ನ ನಿಯಮ ಹೀಗಿದೆ: ಹಿಂದಿನ ರಾತ್ರಿ ಆರು ಗಂಟೆಗಿಂತ ಕಮ್ಮಿ ನಿದ್ದೆಯಾಗಿದ್ದರೆ ಮರುದಿನದ ವಾರದ ಸವಾರಿ ರದ್ದು. ಮಗಳಿಗೆ ಜ್ವರ ಬಂದು ರಾತ್ರಿ ಎದ್ದಿದ್ದರೆ ಸೈಕಲ್ಲಿನ ಕಡೆ ನೋಡಲೇಬೇಡಿ. ನಿದ್ದೆಗೆಟ್ಟು ರಸ್ತೆಗಿಳಿಯುವುದು ಅಪಾಯವೂ ಹೌದು.

ತಿನ್ನುವುದಕ್ಕೆ ಅಂಗಡಿಯ ದುಬಾರಿ ಜೆಲ್ ಬೇಕಿಲ್ಲ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಒಳಗೆ ಹೋಗಬೇಕು. ಒಂದು ದೊಡ್ಡ ಬಾಳೆಹಣ್ಣಿನಲ್ಲಿ 25 ಗ್ರಾಂ ಸುತ್ತಮುತ್ತ ಇರುತ್ತದೆ. ಅದರ ಜೊತೆ ನಾಲ್ಕು ಖರ್ಜೂರ ಅಥವಾ ಒಂದು ಕಡಲೆಮಿಠಾಯಿ. ಹೊರಡುವ ಮುಂಚೆ ಎರಡು ಇಡ್ಲಿ. ಹಸಿವಾದ ಮೇಲೆ ತಿನ್ನೋಣ ಅಂದರೆ ತಡ, ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿ. ಮತ್ತೆ ಇದನ್ನು ತಮಾಷೆ ಅನ್ನಬೇಡಿ: ಮನೆಯ ಗೇಟು ತೆರೆಯುವ ಮೊದಲು ಬೀದಿ ತುದಿಯಲ್ಲಿ ನಿಂತು ಒಂದು ಬಾಳೆಹಣ್ಣು ತಿನ್ನಿ. ನನ್ನ ಎಷ್ಟೋ ರೋಗಿಗಳ ಮನೆಯ ಜಗಳ ಇದರಿಂದ ಕಮ್ಮಿಯಾಗಿದೆ.

ಇನ್ನು ಬೆರಳು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಿರುಬೆರಳಿಗೂ ಉಂಗುರದ ಬೆರಳಿಗೂ ಹೋಗುವ ನರದ ಹೆಸರು ಅಲ್ನಾರ್. ಅಂಗೈಯ ಹೊರ ಅಂಚಿನ ದಿಂಡಿನ ಕೆಳಗೆ, ಮಣಿಕಟ್ಟಿನ ಹತ್ತಿರ ಅದು ಚರ್ಮಕ್ಕೆ ಬಹಳ ಸಮೀಪ ಹಾಯುತ್ತದೆ. ನೇರ ಹ್ಯಾಂಡಲ್ಲಿನಲ್ಲಿ ಕೈ ಇಡುವುದಕ್ಕೆ ಒಂದೇ ಜಾಗ. ಮೈಭಾರ ಗಂಟೆಗಟ್ಟಲೆ ಅಲ್ಲೇ ಒತ್ತಿದರೆ ನರ ಜೋಮು ಹಿಡಿಯುತ್ತದೆ. ಹೆಬ್ಬೆರಳು, ತೋರುಬೆರಳು ಜೋಮು ಹಿಡಿದಿದ್ದರೆ ಬೇರೆ ನರದ ಕಥೆ.

ಹೆಚ್ಚಿನವರು ದಪ್ಪ ಗ್ಲೌಸ್ ಕೊಳ್ಳುತ್ತಾರೆ. ಅದರಿಂದ ಸ್ವಲ್ಪ ಅನುಕೂಲ, ಅಷ್ಟೇ. ಭಾರ ಯಾಕೆ ಮುಂದಕ್ಕೆ ಬಂತು ಅಂತ ನೋಡಬೇಕು. ಸೀಟಿನ ಮೂತಿ ಕೆಳಗೆ ಬಾಗಿದೆಯಾ? ಬಾಗಿದ್ದರೆ ನೀವು ಮುಂದಕ್ಕೆ ಜಾರುತ್ತಾ, ಕೈಯಲ್ಲಿ ತಳ್ಳಿಕೊಳ್ಳುತ್ತಾ ಇರುತ್ತೀರಿ. ಮಟ್ಟಸ ಮಾಡಿಸಿ. ಹ್ಯಾಂಡಲ್ ದೂರವಾಯಿತಾ? ಮೊಣಕೈ ಸೆಟೆದು ನೇರವಾಗಿದ್ದರೆ ದೂರ ಅಂತಲೇ ಅರ್ಥ. ಹ್ಯಾಂಡಲ್ಲನ್ನು ಸೈಕಲ್ಲಿಗೆ ಹಿಡಿದಿಡುವ ತುಂಡನ್ನು (ಸ್ಟೆಮ್) ಗಿಡ್ಡದಕ್ಕೆ ಬದಲಾಯಿಸಬಹುದು. ತುದಿಗೆ ಕೊಂಬಿನ ಹಾಗೆ ಬಾರ್ ಎಂಡ್ ಹಾಕಿಸಿದರೆ ಕೈ ಇಡಲು ಇನ್ನೊಂದು ಜಾಗ ಸಿಗುತ್ತದೆ. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸಿದ್ದರೆ ಕಮ್ಮಿ ಮಾಡಿ. ಟೈರಿನ ಅಂಚಿನಲ್ಲಿ ಬರೆದಿರುವ ದೊಡ್ಡ ಅಂಕಿ ಗರಿಷ್ಠ ಮಿತಿ, ಅಷ್ಟು ತುಂಬಿಸಲೇಬೇಕು ಅಂತಲ್ಲ. ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ, ಒಂದೊಂದೇ ಕೈ ಕೊಡವಿ.

ಸವಾರಿ ಮುಗಿದ ಮೇಲೂ ಒಂದೆರಡು ದಿನ ಜೋಮು ಉಳಿದರೆ, ಬೀಗದ ಕೈ ತಿರುಗಿಸಲು, ಅಂಗಿಯ ಗುಂಡಿ ಹಾಕಲು ಬೆರಳು ಸೋತರೆ ನಿಲ್ಲಿಸಿ, ವೈದ್ಯರನ್ನು ನೋಡಿ. ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನಿಮ್ಮ ದಾರಿಯೇ ಕಾರಣ. ಎರಡನೇ ದಿನ ಬೆಳಿಗ್ಗೆ ಮಡಿಕೇರಿಯಿಂದ ಸಂಪಾಜೆ ಘಾಟಿ. ಸುಳ್ಯ ಮುಟ್ಟುವ ಹೊತ್ತಿಗೆ ಸಾವಿರ ಮೀಟರಿನಷ್ಟು ಇಳಿದಿರುತ್ತೀರಿ. ಡಿಸೆಂಬರಿನ ಚಳಿ, ಮಂಜು, ಹಿಂದಿನಿಂದ ಬಸ್ಸು. ಜೋಮು ಹಿಡಿದ ಕೈಯಲ್ಲಿ ಬ್ರೇಕಿನ ಹದ ಸಿಗುವುದಿಲ್ಲ. ಹೊರಡುವ ಮೊದಲು ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಹಿಡಿದೇ ಇರಬೇಡಿ, ಬಿಟ್ಟು ಹಿಡಿಯಿರಿ, ಇಲ್ಲದಿದ್ದರೆ ಕಾದು ಹಿಡಿತ ಕಮ್ಮಿಯಾಗುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ. ಚಾಮುಂಡಿ ಬೆಟ್ಟಕ್ಕೆ ಹೋದಾಗ ಹತ್ತುವುದರಷ್ಟೇ ಇಳಿಯುವುದನ್ನೂ ಅಭ್ಯಾಸ ಅಂದುಕೊಳ್ಳಿ.

ಎಲ್ಲರೂ ಘಾಟಿಗೆ ಹೆದರುತ್ತಾರೆ. ನನ್ನ ಪ್ರಕಾರ ಮೈಸೂರಿನವರಿಗೆ ಕಷ್ಟ ಶುರುವಾಗುವುದು ಸುಳ್ಯ ದಾಟಿದ ಮೇಲೆ. ಸೆಕೆ. ಬೆವರು ಸುರಿಯುತ್ತದೆ, ಆದರೆ ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಆರುವುದಿಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಪುತ್ತೂರಿನ ಕಡೆ ರಸ್ತೆ ಸುಮ್ಮನೆ ಏರುತ್ತಾ ಇಳಿಯುತ್ತಾ ಸತಾಯಿಸುತ್ತದೆ. ಮಾಣಿಯಿಂದ ಮುಂದೆ ಲಾರಿಗಳ ಸಾಲು. ಅಲ್ಲಿ ಬರೀ ನೀರು ಹೊಟ್ಟೆ ತುಂಬ ಕುಡಿಯಬೇಡಿ. ನಿಧಾನ ತುಳಿಯುವವರು ಬಾಟಲಿಗಟ್ಟಲೆ ಬರೀ ನೀರು ಕುಡಿದರೆ ರಕ್ತದ ಉಪ್ಪಿನಂಶ ಇಳಿದು ತಲೆನೋವು, ವಾಂತಿ, ಮಂಕು ಬರುತ್ತದೆ. ಬಿಸಿಲು ಹೊಡೆಯಿತು ಅಂತ ಇನ್ನಷ್ಟು ನೀರು ಕುಡಿಸಿದರೆ ಕೆಡುತ್ತದೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಮನೆಯದ್ದಾದರೆ ಒಂದು ಲೀಟರ್ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ದಾರಿಯಲ್ಲಿ ಸಿಗುವ ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ. ರಕ್ತದೊತ್ತಡ ಇರುವವರು ಮಾತ್ರ ಉಪ್ಪಿನ ವಿಷಯ ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ.

ಕೂರುವ ಜಾಗದ ಬಗ್ಗೆ ನೀವು ಕೇಳಿಲ್ಲ, ಸಂಕೋಚಕ್ಕೆ ಇರಬಹುದು. ದೂರದ ಸವಾರಿಗೆ ಮೆತ್ತನೆ ಜೆಲ್ ಕವರ್ ಹಾಕಿದ ಸೀಟು ಒಳ್ಳೆಯದಲ್ಲ. ಮೂಳೆ ಅದರೊಳಗೆ ಹೂತು, ನಡುವಿನ ಮೃದು ಭಾಗಕ್ಕೆ ಒತ್ತಡ ಬೀಳುತ್ತದೆ. ಹೆಂಗಸರ ಅಳತೆಯ, ಸ್ವಲ್ಪ ಅಗಲದ, ಗಟ್ಟಿ ಸೀಟು ನೋಡಿ. ಪ್ಯಾಡ್ ಇರುವ ಸೈಕಲ್ ಚಡ್ಡಿಯನ್ನು ಒಳಉಡುಪು ಇಲ್ಲದೆ ಹಾಕಬೇಕು, ಒಳಗಿನ ಹೊಲಿಗೆಯೇ ಚರ್ಮ ತರಚುವುದು. ಮನೆಗೆ ಬಂದ ಕೂಡಲೇ ಅದನ್ನು ಬಿಚ್ಚಿ ಒಗೆಯಲು ಹಾಕಿ, ಕಾಫಿ ಆಮೇಲೆ. ಮಂಡಿಯ ಮುಂಭಾಗ ನೋವು ಶುರುವಾದರೆ ಸೀಟು ತಗ್ಗಿದೆಯಾ ನೋಡಿ, ಹಿಂಭಾಗವಾದರೆ ಎತ್ತರವಾಗಿದೆಯಾ ನೋಡಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಬದಲಿಸಬೇಡಿ.

ನವೆಂಬರಿನಿಂದ ಹಳ್ಳಿ ರಸ್ತೆಗಳಲ್ಲಿ ಒಕ್ಕಣೆ ಶುರು. ಹುರುಳಿ, ರಾಗಿ ಹುಲ್ಲು ಟಾರಿನ ಮೇಲೆ ಹಾಸಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ, ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡರೆ ಅದನ್ನೇ ಮುರಿದುಹಾಕುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಬೆಳಗಿನ ಜಾವದ ನಾಯಿಗಳಿಗೂ ಅದೇ ಮದ್ದು. ಓಡಿಸಿದರೆ ಅಟ್ಟಿಸಿಕೊಂಡು ಬರುತ್ತವೆ, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದರೆ ಬಹಳ ಸಲ ಸುಮ್ಮನಾಗುತ್ತವೆ. ಕಚ್ಚಿದರೆ, ಗೀರಿದರೂ ಸರಿ, ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ರೇಬೀಸ್ ಚುಚ್ಚುಮದ್ದು ಶುರು ಮಾಡಿ.

ಈಗ ಮುಂದುವರಿಯಲಾ ಬಿಡಲಾ ಅನ್ನುವುದಕ್ಕೆ ಬರೋಣ. ನಿಮ್ಮ ಮುಂದೆ ಇರುವುದು ಎರಡೇ ದಾರಿ ಅಂದುಕೊಂಡಿದ್ದೀರಿ, ನನಗೆ ಮೂರು ಕಾಣುತ್ತವೆ.

ಪೂರ್ತಿ 260 ಕಿಲೋಮೀಟರ್ ತುಳಿಯುವುದು. ಮೇಲೆ ಹೇಳಿದ ಹಾಗೆ ನಡೆದರೆ ಆಗುವ ಕೆಲಸವೇ. ಆದರೆ ನಡುವೆ ಎರಡು ಮೂರು ವಾರ ಯಾವುದಾದರೂ ಕಾರಣಕ್ಕೆ ತಪ್ಪಿದರೆ ಹಟಕ್ಕೆ ಬಿದ್ದು ಹೊರಡುವ ಅಪಾಯ ಇದೆ. ಅದಕ್ಕೊಂದು ಪರೀಕ್ಷೆ ಇಟ್ಟುಕೊಳ್ಳಿ. ಸವಾರಿಗೆ ಮೂರು ವಾರ ಇರುವಾಗ ಶನಿವಾರ ಐದು ಗಂಟೆ, ಮರುದಿನ ಭಾನುವಾರ ಮೂರು ಗಂಟೆ ತುಳಿಯಿರಿ. ಆ ವಾರ ಉಳಿದ ಎರಡು ಸವಾರಿ ಬೇಡ. ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿದಾಗ ಮೈ ನೊಂದರೂ ಮಂಡಿ ಚುಚ್ಚದಿದ್ದರೆ, ಬೆರಳು ಸರಿಯಿದ್ದರೆ ಹೊರಡಿ.

ಮೊದಲ ದಿನ ತುಳಿದು, ಎರಡನೇ ದಿನ ಘಾಟಿಯನ್ನೋ ಸೆಕೆಯ ಭಾಗವನ್ನೋ ಜೊತೆಗೆ ಬರುವ ವ್ಯಾನಿನಲ್ಲಿ ದಾಟುವುದು ಎರಡನೆಯದು. ನಿಮ್ಮ ಪರಿಸ್ಥಿತಿಯಲ್ಲಿ ನಾನಿದ್ದರೆ ಈಗಿನಿಂದಲೇ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದೆ. ಇಲ್ಲಿ ಕಷ್ಟ ಒಂದೇ, ಗುಂಪಿನ ಮುಂದೆ ಸಣ್ಣವಳಾದೆ ಅನ್ನಿಸುವುದು. ವ್ಯಾನ್ ಇದೆಯಾ, ಅದರಲ್ಲಿ ಸೈಕಲ್ ಇಡಲು ಜಾಗ ಇದೆಯಾ ಅಂತ ಸಂಘಟಕರನ್ನು ಇವತ್ತೇ ಕೇಳಿ. 16 ಜನ ಹೊರಟಿದ್ದಾರೆ, ವ್ಯಾನ್ ಇಲ್ಲ ಅಂದರೆ ಆ ಸವಾರಿಗೆ ನೀವಷ್ಟೇ ಅಲ್ಲ, ಯಾರೂ ಹೋಗಬಾರದು.

ಮೂರನೆಯದು ಈ ವರ್ಷ ತುಳಿಯದೆ, ವ್ಯಾನಿನಲ್ಲಿ ನೀರು, ಹಣ್ಣು, ಪಂಕ್ಚರ್ ಸಾಮಾನಿನ ಹೊಣೆ ಹೊರುವುದು. ಹಿಮೋಗ್ಲೋಬಿನ್ ತೀರಾ ಕಮ್ಮಿ ಬಂದರೆ ಅಥವಾ ಬೆರಳು ಸರಿಹೋಗದಿದ್ದರೆ ಇದೇ ಸರಿ.

ದುಡ್ಡು ಕೊಟ್ಟವರ ಭಯ ಬಿಡಿ. ಡಯಾಲಿಸಿಸ್ ರೋಗಿ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆಯಷ್ಟು ಹೊತ್ತು ಯಂತ್ರದ ಪಕ್ಕ ಮಲಗಿರಬೇಕು. ನೀವು ಸಂಪಾಜೆಯನ್ನು ಸೈಕಲ್ಲಿನಲ್ಲಿ ಇಳಿದಿರಾ ವ್ಯಾನಿನಲ್ಲಿ ಇಳಿದಿರಾ ಅನ್ನುವುದು ಅವರಿಗೆ ಲೆಕ್ಕಕ್ಕೇ ಇಲ್ಲ. ಹಣ ಸೇರಬೇಕಾದಲ್ಲಿ ಸೇರಿತಾ ಅನ್ನುವುದೇ ಲೆಕ್ಕ. ಬ್ಯಾಂಕಿನವರಿಗೆ ನಾನು ಹೇಳುವುದು ಹೆಚ್ಚಾಯಿತು, ಆದರೂ: ಆ 68,000 ನಿಮ್ಮ ಸ್ವಂತ ಖಾತೆಗೆ ಬಂದಿದ್ದರೆ ಸವಾರಿಯವರೆಗೆ ಕಾಯದೆ ಸಂಸ್ಥೆಯ ಖಾತೆಗೆ ಹಾಕಿ, ರಸೀದಿಯ ಫೋಟೊವನ್ನು ಕೊಟ್ಟವರಿಗೆಲ್ಲ ಕಳಿಸಿ. ಆಮೇಲೆ ನಿಮ್ಮ ಕಾಲಿನ ಮೇಲೆ ಆ ಭಾರ ಇರುವುದಿಲ್ಲ. ಒಂದು ಮಾತು, ಹಣ ಸೇರಿಸಲು ರಾತ್ರಿ ಹತ್ತರ ಮೇಲೆ ಫೋನ್ ಹಿಡಿದು ಕೂರುವ ಹೊತ್ತನ್ನೂ ಅಭ್ಯಾಸದ ಗಂಟೆಗಳಿಗೆ ಸೇರಿಸಿ ಲೆಕ್ಕ ಹಾಕಿ. ಯಜಮಾನರು ಅದನ್ನು ಆಗಲೇ ಹಾಕಿರುತ್ತಾರೆ.

ಈ ಭಾನುವಾರ ಐದೂವರೆಗೆ ಹೊರಟು ಎಂಟಕ್ಕೆ ಮನೆಯಲ್ಲಿರಿ. ಸೀಟು ಮಟ್ಟಸ ಮಾಡಿಸಿ, ಬಾರ್ ಎಂಡ್ ಹಾಕಿಸಿ. ಎರಡು ವಾರದಲ್ಲಿ ಜೋಮು ಕಮ್ಮಿಯಾಗದಿದ್ದರೆ ಮತ್ತೆ ಬರೆಯಿರಿ. ಸೈಕಲ್ ಮೇಲೆ ಕೂತು ಹ್ಯಾಂಡಲ್ ಹಿಡಿದಿರುವ ಒಂದು ಫೋಟೊ ಜೊತೆಗಿರಲಿ. ಪಕ್ಕದಿಂದ ತೆಗೆದದ್ದು, ಮೊಣಕೈ ಕಾಣಬೇಕು.